ಶುದ್ಧ ನೀರಿನ ಪಂಚಾಯಿತಿ

ಕನ್ನಡದಲ್ಲಿ ನನಗೆ ಅತ್ಯಂತ ಸಿಟ್ಟು ತರಿಸುವ ಪದ ಯಾವುದು ಅಂತ ಯಾರಾದರೂ ಕೇಳಿದರೆ ಯೋಚನೆಯನ್ನೇ ಮಾಡದೆ ‘ಶುದ್ಧ’ ಅನ್ನುತ್ತೇನೆ. ಕೇಳಲಿಕ್ಕೆ ಎಷ್ಟು ಸಾಧು ಪದ. ಆದರೆ ಗಾಂಧಿಬಜಾರಿನಲ್ಲಿ ಒಂದು ಸುತ್ತು ಹಾಕಿಕೊಂಡು ಬನ್ನಿ. ಶುದ್ಧ ತುಪ್ಪ, ಶುದ್ಧ ಜೇನುತುಪ್ಪ, ಶುದ್ಧ ರೇಷ್ಮೆ, ಶುದ್ಧ ಸಸ್ಯಾಹಾರಿ, ಶುದ್ಧ ಕುಡಿಯುವ ನೀರು. ಬೋರ್ಡಿನ ಮೇಲೆ ಶುದ್ಧ ಅಂತ ಬರೆಸಿದ ಮೇಲೆ ಒಳಗೆ ಏನಿದ್ದರೂ ನಡೆಯುತ್ತದೆ ಅನ್ನುವ ಧೈರ್ಯ ನಮ್ಮ ಜನಕ್ಕೆ. ಈ ಪದವನ್ನು ಪ್ರಾಮಾಣಿಕವಾಗಿ ಬಳಸುವುದು ಬೈಗುಳದಲ್ಲಿ ಮಾತ್ರ ಅಂತ ನನ್ನ ಅಭಿಪ್ರಾಯ. ಚಿಕ್ಕವನಾಗಿದ್ದಾಗ ನಮ್ಮ ತಂದೆ ನನ್ನನ್ನು ‘ಶುದ್ಧ ಪೆದ್ದ’ ಅನ್ನುತ್ತಿದ್ದರು. ಅದರಲ್ಲಿ ಒಂದು ಚೂರೂ ಕಲಬೆರಕೆ ಇರುತ್ತಿರಲಿಲ್ಲ.

ನಾನು ಚಾಮರಾಜಪೇಟೆಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಮೂವತ್ತು ವರ್ಷದಿಂದ ಅದೇ ಲ್ಯಾಬು, ಅದೇ ಪಿಪೆಟ್ಟು, ಅದೇ ಕೊಳೆತ ಮೊಟ್ಟೆಯ ವಾಸನೆ. ನಮ್ಮ ಲ್ಯಾಬಿನ ಗೋಡೆಯ ಮೇಲೆ ನಾನೇ ಕೆಂಪು ಇಂಕಿನಲ್ಲಿ ಬರೆದು ಅಂಟಿಸಿದ ಒಂದು ವಾಕ್ಯವಿದೆ: ‘ಲೇಬಲ್ ಓದದೆ ಯಾವ ಬಾಟಲಿಯನ್ನೂ ಮುಟ್ಟತಕ್ಕದ್ದಲ್ಲ.’ ವರ್ಷದ ಮೊದಲ ಪ್ರಾಕ್ಟಿಕಲ್ಸಿನ ದಿನ ಹುಡುಗರೆಲ್ಲ ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ಈ ವಾಕ್ಯ ಬರೆದು ಕೆಳಗೆ ಸಹಿ ಹಾಕಬೇಕು. ಪಕ್ಕದಲ್ಲಿ ಕೂತವನು ಸಾಕ್ಷಿ ಹಾಕಬೇಕು. ನಮ್ಮ ಪ್ರಿನ್ಸಿಪಾಲರು ಒಮ್ಮೆ ಇದನ್ನು ನೋಡಿ, “ಇದೇನ್ರೀ ಮುರಳಿ, ಸೈಟ್ ರಿಜಿಸ್ಟ್ರೇಷನ್ನಾ?” ಅಂತ ನಕ್ಕಿದ್ದರು. ನಗಲಿ. ಮೂವತ್ತು ವರ್ಷದಲ್ಲಿ ನನ್ನ ಲ್ಯಾಬಿನಲ್ಲಿ ಒಂದೂ ಅನಾಹುತ ಆಗಿಲ್ಲ. ಅನಾಹುತ ಆಗಿದ್ದು ನನ್ನ ಮನೆಯ ಹಾಲ್‌ನಲ್ಲಿ.

ಎರಡು ವರ್ಷದ ಹಿಂದೆ ಡಾಕ್ಟರು ನನ್ನ ಬಿಪಿ ನೋಡಿ, “ಮೇಷ್ಟ್ರೇ, ನೀವು ಸಣ್ಣ ಸಣ್ಣದಕ್ಕೆಲ್ಲ ರೇಗಬಾರದು. ಒಂದು ಮೀನಿನ ತೊಟ್ಟಿ ಇಟ್ಕೊಳ್ಳಿ, ಸಾಯಂಕಾಲ ಅರ್ಧ ಗಂಟೆ ನೋಡ್ತಾ ಕೂತ್ಕೊಳ್ಳಿ, ಮನಸ್ಸು ತಣ್ಣಗಾಗುತ್ತೆ” ಅಂದರು. ಆ ಮಹಾನುಭಾವರು ಯಾವ ಮೀನು ಅಂತ ಹೇಳಲಿಲ್ಲ. ಕಾಲೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅಮ್ಜದ್ ಅವರ ಮೀನಿನಂಗಡಿ. ಅಲ್ಲಿ ಎಲ್ಲರ ಹಾಗೆ ನಾಲ್ಕು ಗೋಲ್ಡ್ ಫಿಶ್ ಕೊಂಡು ಬಂದಿದ್ದರೆ ಬಸವನಗುಡಿಯ ಹಿಂದಿನ ರಸ್ತೆಯ ನಮ್ಮ ಮನೆಯಲ್ಲಿ ಇವತ್ತಿಗೂ ಶಾಂತಿ ಇರುತ್ತಿತ್ತು. ಆದರೆ ನನ್ನ ಕಣ್ಣು ಮೂಲೆಯಲ್ಲಿದ್ದ ಉಪ್ಪುನೀರಿನ ತೊಟ್ಟಿಯ ಮೇಲೆ ಬಿತ್ತು. ಅದರಲ್ಲಿ ಜೀವಂತ ಹವಳ. ಉಂಗುರಕ್ಕೆ ಹಾಕಿಸುವ ಹವಳವಲ್ಲ, ಹೂವಿನ ಹಾಗೆ ಬೆಳಿಗ್ಗೆ ಅರಳಿ ಸಂಜೆ ಮುದುಡುವ ಹವಳ. ಸಮುದ್ರದಿಂದ ಇಷ್ಟು ದೂರದಲ್ಲಿ, ನೀರಿಗೆ ಟ್ಯಾಂಕರಿನ ದಾರಿ ಕಾಯುವ ಈ ಊರಿನಲ್ಲಿ, ಮನೆಯ ಹಾಲ್‌ನ ಮಧ್ಯೆ ಒಂದು ಸಮುದ್ರ ಇಟ್ಟುಕೊಳ್ಳಬೇಕು ಅಂತ ನನಗೆ ಯಾಕೆ ಅನ್ನಿಸಿತೋ ದೇವರಿಗೇ ಗೊತ್ತು.

ತೊಟ್ಟಿ ಬಂತು. ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಎರಡು ಮೀನು, ಮೂರು ನಾಲ್ಕು ಹವಳ, ಒಂದಷ್ಟು ಶಂಖದ ಹುಳು, ಮತ್ತೆ ಕೆಂಪು ಬೆನ್ನಿನ ಮೇಲೆ ಉದ್ದಕ್ಕೆ ಬಿಳಿ ಗೆರೆ ಇರುವ ಒಂದು ಪುಟ್ಟ ಸೀಗಡಿ. ನಮ್ಮ ತಾಯಿಗೆ ಎಂಬತ್ತೆರಡು ವರ್ಷ, ಮಡಿಯವಳು. “ಮನೆಯೊಳಗೆ ಸೀಗಡಿ ತಂದ್ಯೇನೋ” ಅಂತ ಮೂರು ದಿನ ಹಾಲಿಗೇ ಬರಲಿಲ್ಲ. ನಾಲ್ಕನೆಯ ದಿನ ಬಂದು ಸ್ಟೂಲು ಹಾಕಿಕೊಂಡು ಕೂತಳು. ಆ ಸೀಗಡಿಯ ಕಸುಬೇ ಶುಚಿ ಮಾಡುವುದು. ಮೀನಿನ ಮೈಮೇಲಿನ ಕೊಳೆ ತೆಗೆಯುತ್ತೆ, ಆಮೇಲೆ ತನ್ನ ಕೈಕಾಲು ಉಜ್ಜಿಕೊಳ್ಳುತ್ತೆ, ಯಾರಾದರೂ ಹತ್ತಿರ ಬಂದರೆ ಹಿಂದಕ್ಕೆ ಸರಿಯುತ್ತೆ. ನನ್ನ ಹೆಂಡತಿ ಸುಮತಿ ಅದಕ್ಕೆ ಗುಟ್ಟಾಗಿ ‘ಮಡಿಯಮ್ಮ’ ಅಂತ ಹೆಸರಿಟ್ಟಳು. ಯಾರನ್ನು ನೋಡಿ ಇಟ್ಟಳು ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಮ್ಮನಂತೂ ದಿನಾ ಜಪ ಮುಗಿಸಿ ಆ ಸೀಗಡಿಯ ಎದುರಿಗೇ ಕೂತು ಕಾಫಿ ಕುಡಿಯುವ ಹಾಗಾದಳು.

ಇನ್ನು ನೀರಿನ ವಿಷಯ. ವಾರಕ್ಕೊಮ್ಮೆ, ಭಾನುವಾರ, ತೊಟ್ಟಿಯಿಂದ ಎರಡು ಬಕೆಟ್ ಹಳೇ ನೀರು ತೆಗೆದು ಎರಡು ಬಕೆಟ್ ಹೊಸ ಉಪ್ಪುನೀರು ಹಾಕಬೇಕು. ಉಪ್ಪೇನೋ ಪ್ಯಾಕೆಟ್ಟಿನಲ್ಲಿ ಸಿಗುತ್ತೆ, ಸಮುದ್ರದಲ್ಲಿರುವುದೆಲ್ಲ ಅದರಲ್ಲೇ ಇರುತ್ತೆ. ಆದರೆ ಉಪ್ಪು ಕರಗಿಸುವ ನೀರಿನಲ್ಲಿ ಏನೂ ಇರಬಾರದು. ಏನೂ ಅಂದರೆ ಏನೂ. ಮೊದಲ ಕೆಲವು ವಾರದ ನೀರು ತಾವೇ ಕೊಟ್ಟು, “ಆಮೇಲೆ ನೀವೇ ನೋಡ್ಕೊಳ್ಳಿ, ಬರೀ ನೀರು ಬೇಕು ಸಾರ್” ಅಂತ ಅಮ್ಜದ್ ಹೇಳಿದಾಗ ನಾನು ಅದೇನು ಮಹಾ ಅಂದುಕೊಂಡೆ. ಬೆಂಗಳೂರಿನಲ್ಲಿ ಬರೀ ನೀರು ಹುಡುಕಿದವರಿಗೆ ಅದರ ಸಂಕಟ ಗೊತ್ತು. ನಾನು ಇದನ್ನೆಲ್ಲ ವಿವರಿಸಿದಾಗ ಅಮ್ಮ ಒಂದೇ ಪ್ರಶ್ನೆ ಕೇಳಿದಳು: “ಅಲ್ವೋ, ನೀರಲ್ಲಿರೋ ಉಪ್ಪನ್ನ ತೆಗೆಯೋದಕ್ಕೆ ಒಂದು ಮೆಷಿನ್ನು. ಆಮೇಲೆ ಅದಕ್ಕೆ ಉಪ್ಪು ಹಾಕೋದಕ್ಕೆ ನೀನು. ಮಧ್ಯದಲ್ಲಿ ಆಗಿದ್ದೇನು?” ಮೂವತ್ತು ವರ್ಷ ಪಾಠ ಮಾಡಿದವನಿಗೆ ಇದಕ್ಕೆ ಎರಡು ವಾಕ್ಯದಲ್ಲಿ ಉತ್ತರ ಹೇಳಲಿಕ್ಕೆ ಆಗಲಿಲ್ಲ.

ಮೊದಲು ಕಾವೇರಿ ನೀರು. ನಲ್ಲಿ ತಿರುಗಿಸಿದರೆ ಈಜುಕೊಳದ ವಾಸನೆ. ಮನುಷ್ಯರ ಹೊಟ್ಟೆಗೆ ಸರಿ, ಹವಳಕ್ಕೆ ಆಗದು. ಬೋರ್‌ವೆಲ್ ನೀರು ಬೇಡವೇ ಬೇಡ, ಅದು ನಮ್ಮ ಬಚ್ಚಲಿನ ನಲ್ಲಿಗೆ ಹಾಕಿರುವ ಸುಣ್ಣದ ಪಟ್ಟೆ ನೋಡಿದರೆ ಸಾಕು. ಅಮ್ಜದ್ ನನಗೆ ಪೆನ್ನಿನ ಗಾತ್ರದ ಒಂದು ಮೀಟರು ಕೊಟ್ಟಿದ್ದರು. ನೀರಿನಲ್ಲಿ ಅದ್ದಿದರೆ ಅದರಲ್ಲಿ ಎಷ್ಟು ಕರಗಿದೆ ಅಂತ ಅಂಕಿ ತೋರಿಸುತ್ತೆ. ಸೊನ್ನೆ ಬಂದರೆ ಬರೀ ನೀರು. ನಾನು ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಊರೆಲ್ಲ ಅಲೆದೆ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು ಲೋಟದ ನೀರಿಗೆ ಅದ್ದಿ ನೋಡಿದ್ದಕ್ಕೆ ಸುಮತಿ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಹುಡುಗಿಯ ಕಡೆಯವರು ನನ್ನನ್ನು ಹೆಲ್ತ್ ಡಿಪಾರ್ಟ್‌ಮೆಂಟಿನವನು ಅಂದುಕೊಂಡು ಎರಡನೇ ಸಲ ಹೋಳಿಗೆ ಬಡಿಸಿದ್ದು ಬೇರೆ ಮಾತು.

ಆಮೇಲೆ ಕ್ಯಾನ್ ನೀರು. ನಮ್ಮ ರಸ್ತೆಗೆ ಕ್ಯಾನ್ ಹಾಕುವ ರವಿಯನ್ನು ಗೇಟಿನಲ್ಲಿ ನಿಲ್ಲಿಸಿ, “ಇದು ಶುದ್ಧನೇನಪ್ಪಾ?” ಅಂದೆ. “ಹಂಡ್ರೆಡ್ ಪರ್ಸೆಂಟ್ ಸಾರ್, ಸೀಲ್ ನೋಡಿ” ಅಂದ. ಮೀಟರ್ ಅದ್ದಿದರೆ ಅಂಕಿ ಜಿಗಿದು ಕೂತಿತು. ತೋರಿಸಿದೆ. ಅವನು ಸ್ವಲ್ಪವೂ ಕುಗ್ಗಲಿಲ್ಲ. “ಅದು ಟೇಸ್ಟಿಗೆ ಹಾಕಿರ್ತಾರೆ ಸಾರ್, ಮಿನರಲ್ಲು. ಶುದ್ಧ ಮಾಡಿ ಆಮೇಲೆ ಹಾಕೋದು.” ಶುದ್ಧ ಮಾಡುವುದು, ಆಮೇಲೆ ಹಾಕುವುದು. ಇದು ಯಾವ ನ್ಯಾಯ ಸ್ವಾಮಿ. ಮಡಿ ಉಟ್ಟುಕೊಂಡು ಮೇಲೆ ಮೈಲಿಗೆ ಪಂಚೆ ಸುತ್ತಿಕೊಂಡರೆ ಅದಕ್ಕೇನಂತಾರೆ? ಕೆಳಗಿನ ರಸ್ತೆಯಲ್ಲಿ ನಾಣ್ಯ ಹಾಕಿದರೆ ನೀರು ಕೊಡುವ ಘಟಕ ಇದೆ. ಅಲ್ಲಿಗೂ ಹೋದೆ. ಹಿಂದೆ ನಿಂತ ಹೆಂಗಸೊಬ್ಬರು, “ಬೇಗ ಹಿಡ್ಕೊಳ್ಳಿ, ಅದಕ್ಕೇನು ಜ್ವರ ನೋಡ್ತಿದೀರಾ?” ಅಂದರು. ಅದರ ಅಂಕಿಯೂ ಬೇಳೆಗೆ ಸರಿ, ಹವಳಕ್ಕೆ ಸರಿಯಿಲ್ಲ.

ಕಲಾಸಿಪಾಳ್ಯದ ಹತ್ತಿರ ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತೆ ಅಂತ ಆಮೇಲೆ ಹೊಳೆಯಿತು. ಹೋಗಿ ಎರಡು ಬಕೆಟ್ ಆಗುವಷ್ಟು ಬೇಕು ಅಂದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಷ್ಟು ಯುಪಿಎಸ್ ಇದೆ ನಿಮ್ಹತ್ರ?” ಅಂದರು. ಮೀನಿಗೆ ಅಂದೆ. ಪಕ್ಕದ ಅಂಗಡಿಯವರನ್ನು ಕರೆದು ನನ್ನ ಎದುರಿಗೇ ಅದನ್ನು ಹೇಳಿ ಇಬ್ಬರೂ ನಕ್ಕರು. ಮೀಟರ್ ಅದ್ದಿದೆ, ಸೊನ್ನೆ. ನನ್ನ ಎದೆ ಹಗುರಾಯಿತು. ಆದರೆ ಕ್ಯಾನ್ ತಿರುಗಿಸಿ ನೋಡಿದರೆ ಅದರ ಮೇಲೆ ಹೆಸರಿಲ್ಲ, ಕುಲವಿಲ್ಲ, ಗೋತ್ರವಿಲ್ಲ. ಹಿಂದೆ ಅದರಲ್ಲಿ ಆಸಿಡ್ ತುಂಬಿದ್ದರೋ ಏನೋ ಯಾರು ಬಲ್ಲರು. “ಲೇಬಲ್ ಇಲ್ಲದ ನೀರು ನಾನು ಮುಟ್ಟಲ್ಲ” ಅಂತ ಘನಗಂಭೀರವಾಗಿ ಹೇಳಿ ವಾಪಸು ಬಂದೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳಲಿಲ್ಲ.

ಕೊನೆಗೆ ಮನೆಯ ಅಡುಗೆಮನೆಯ ಫಿಲ್ಟರಿಗೇ ಮೀಟರ್ ಹಿಡಿದೆ. ಊರಲ್ಲಿ ನೋಡಿದ ಎಲ್ಲ ಕುಡಿಯುವ ನೀರಿಗಿಂತ ಕಮ್ಮಿ ಅಂಕಿ. ಸೊನ್ನೆಯಲ್ಲ, ಆದರೆ ಸೊನ್ನೆಯ ನೆಂಟ. ಈ ಫಿಲ್ಟರನ್ನು ಹಿಂದಿನ ವರ್ಷ ಆರಿಸಿ ತಂದವನು ನಾನೇ. ಸುಮತಿ ಸಾದಾ ಮೆಷಿನ್ ಸಾಕು ಅಂದರೂ ಕೇಳದೆ ನಾನೇ ಒಳ್ಳೆಯದನ್ನು ನೋಡಿ ಕೊಂಡಿದ್ದೆ. ಸುಮತಿಗೆ ಒಂದು ಅಭ್ಯಾಸ. ಮನೆಗೆ ಯಾವ ಮೆಷಿನ್ ಬಂದರೂ ಅದಕ್ಕೊಂದು ಅಂಗಿ ಹೊಲಿಯುತ್ತಾಳೆ. ನಮ್ಮ ಫ್ರಿಜ್ಜಿಗೆ ಅಂಗಿ, ಮಿಕ್ಸಿಗೆ ಅಂಗಿ, ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. ಫಿಲ್ಟರು ಬಂದ ವಾರದಲ್ಲೇ ಹಳೇ ಸೀರೆಯಲ್ಲಿ ನೆರಿಗೆ ಇಟ್ಟು ಹಸಿರು ಅಂಗಿ ತೊಡಿಸಿದ್ದಳು. ಅಂದಿನಿಂದ ಅದರ ಮುಖ ನಾವು ಯಾರೂ ನೋಡಿಲ್ಲ, ಕೆಳಗಿನ ನಲ್ಲಿ ಮಾತ್ರ ಕಾಣುತ್ತೆ. ನಾನು ಆ ನಲ್ಲಿಗೆ ಬಕೆಟ್ ಹಿಡಿದು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ ಅಂತ ನನಗೆ ನಾನೇ ನಕ್ಕೆ.

ನಾಲ್ಕು ಭಾನುವಾರ ಆ ನೀರು ಹಾಕಿದೆ. ನಾಲ್ಕನೆಯ ವಾರ ಹವಳ ಅರಳಲಿಲ್ಲ. ಶಂಖದ ಹುಳುಗಳು ಗಾಜಿನಿಂದ ಉದುರಿ ಬಿದ್ದವು, ಮತ್ತೆ ಏಳಲಿಲ್ಲ. ಮಡಿಯಮ್ಮ ಕೈಕಾಲು ಉಜ್ಜುವುದನ್ನು ಬಿಟ್ಟು ಕಲ್ಲಿನ ಮೂಲೆಯಲ್ಲಿ ಓರೆಯಾಗಿ ಕೂತಳು. ಅಮ್ಮ ಸ್ಟೂಲಿನಿಂದ, “ಇದಕ್ಕೇನೋ ಆಗಿದೆ ಕಣೋ ಮುರಳಿ, ನೋಡೋ” ಅಂತ ಬೆಳಿಗ್ಗೆಯಿಂದ ಹತ್ತು ಸಲ ಹೇಳಿದಳು. ನಾನು ಒಂದು ಬಾಟಲಿ ತೊಟ್ಟಿಯ ನೀರು ತುಂಬಿಕೊಂಡು ಅಮ್ಜದ್ ಹತ್ತಿರ ಓಡಿದೆ. ಅವರು ಒಂದು ಗಾಜಿನ ಕೊಳವೆಯಲ್ಲಿ ನೀರು ಹಾಕಿ, ಎರಡು ಹನಿ ಏನೋ ಬಿಟ್ಟು, ಬಣ್ಣ ನೋಡಿ ತಲೆ ಅಲ್ಲಾಡಿಸಿದರು.

“ತಾಮ್ರ ಇದೆ ಸಾರ್. ಮೀನು ಹೆಂಗೋ ತಡ್ಕೊಳುತ್ತೆ. ಸೀಗಡಿ ತಡ್ಕೊಳಲ್ಲ, ಹವಳ ತಡ್ಕೊಳಲ್ಲ. ಮನೇಲಿ ತಾಮ್ರ ಎಲ್ಲಿಂದ ಬಂತು ನೋಡಿ. ನೀರು ಚೇಂಜ್ ಮಾಡ್ತಾ ಇರಿ, ಇಲ್ಲಾಂದ್ರೆ ಈ ವಾರ ದಾಟೋದು ಕಷ್ಟ.”

ಚಾಮರಾಜಪೇಟೆಯಿಂದ ಬಸವನಗುಡಿಗೆ ನಡೆದು ಬರುವಷ್ಟರಲ್ಲಿ ನನ್ನ ತಲೆಯಲ್ಲಿ ತನಿಖೆ, ಚಾರ್ಜ್‌ಶೀಟು, ತೀರ್ಪು ಎಲ್ಲ ಮುಗಿದಿತ್ತು. ಮನೆಯಲ್ಲಿ ತಾಮ್ರ ಎಲ್ಲಿದೆ ಅಂತ ಹುಡುಕಬೇಕೇ? ನಮ್ಮ ಅಮ್ಮನ ಬಿಂದಿಗೆ. ಅಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಆ ಬಿಂದಿಗೆಗೆ ನೀರು ಹಿಡಿದು ದೇವರಮನೆಯ ಬಾಗಿಲಲ್ಲಿ ಇಡುತ್ತಾಳೆ. ಬೇರೆ ಯಾರೂ ಮುಟ್ಟುವಂತಿಲ್ಲ. ಅವಳು ಕುಡಿಯುವುದು ಅದೊಂದೇ ನೀರು. ತವರಿನಿಂದ ಬಂದ ಬಿಂದಿಗೆ, ಕಂಠದ ಸುತ್ತ ‘ಪದ್ಮಾವತಿ’ ಅಂತ ಅವಳ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಆ ಲೇಬಲ್ಲನ್ನು ಮಾತ್ರ ನಾನು ಚೆನ್ನಾಗಿ ಓದಿದ್ದೆ.

ಚಪ್ಪಲಿ ಬಿಡುತ್ತಲೇ ಕೇಳಿದೆ. “ಅಮ್ಮ, ಮೀನಿನ ತೊಟ್ಟಿಗೆ ನೀರು ಹಾಕಿದ್ಯಾ ನೀನು?”

“ಹೂಂ ಕಣೋ, ಹೋದ ವಾರ ಒಂದು ಚೊಂಬು ಹಾಕಿದೆ. ನೀನು ಕಾಲೇಜಿಗೆ ಹೋಗಿದ್ದೆ. ನೀರು ಇಳಿದು ಮೇಲಿನ ಹವಳ ಒಣಗ್ತಾ ಇತ್ತು, ಪಾಪ.”

“ಬಿಂದಿಗೆ ನೀರಾ?”

“ಮತ್ತಿನ್ಯಾವುದು ಹಾಕಲಿ? ಮನೇಲಿರೋದ್ರಲ್ಲಿ ಅದೇ ಅಲ್ವೇನೋ ಶುದ್ಧವಾದದ್ದು.”

ಆ ಪದ ಕಿವಿಗೆ ಬಿದ್ದದ್ದೇ ತಡ ನಾನು ಹಾರಿಬಿದ್ದೆ. ಡಾಕ್ಟರು ಇಳಿಸಿದ ಬಿಪಿಯೆಲ್ಲ ಒಂದೇ ಸಲಕ್ಕೆ ವಾಪಸು ಏರಿತು. ತಾಮ್ರದ ಅಯಾನು ಅಂದರೇನು, ಅದು ಸೀಗಡಿಯ ರಕ್ತಕ್ಕೆ ಏನು ಮಾಡುತ್ತೆ, ಮೈಲುತುತ್ತವನ್ನು ಗದ್ದೆಗೆ ಯಾಕೆ ಹೊಡೆಯುತ್ತಾರೆ, ಎಲ್ಲವನ್ನೂ ಸೆಕೆಂಡ್ ಪಿಯು ಕ್ಲಾಸಿನಲ್ಲಿ ನಿಂತವನ ಹಾಗೆ ಎಂಬತ್ತೆರಡು ವರ್ಷದ ಹೆಂಗಸಿನ ಮುಂದೆ ನಿಂತು ಹೇಳಿದೆ. “ನಿನ್ನ ಮಡಿಯಿಂದ ಒಂದು ಜೀವ ಸಾಯ್ತಾ ಇದೆ” ಅಂತಲೂ ಅಂದೆ. ಅನ್ನಬಾರದಿತ್ತು. ಸುಮತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು, “ರೀ, ಒಂದು ಮಾತು ಹೇಳ್ಲಾ? ನಮ್ಮ ಅಡುಗೆಮನೆ...” ಅಂತ ಶುರು ಮಾಡಿದಳು. “ಸುಮತಿ, ಇದು ಕೆಮಿಸ್ಟ್ರಿ. ನಿನಗೆ ಗೊತ್ತಾಗಲ್ಲ, ಸುಮ್ಮನಿರು” ಅಂದೆ. ಅವಳು ನನ್ನನ್ನು ಒಂದು ನಿಮಿಷ ನೋಡಿ, ಸೌಟಿನ ಜೊತೆ ಒಳಗೆ ಹೋದಳು. ಆ ನೋಟದ ಅರ್ಥ ನನಗೆ ಆಮೇಲೆ ಆಯಿತು.

ಮಾರನೇ ಬೆಳಿಗ್ಗೆ ಬಿಂದಿಗೆ ತೊಳೆದು, ಒರೆಸಿ, ಹಾಲಿನಲ್ಲಿ ಸ್ಟೂಲಿನ ಮೇಲೆ ಬೋರಲು ಹಾಕಿತ್ತು. ಅಮ್ಮ ದೇವರಮನೆಯಿಂದಲೇ, “ಅದನ್ನ ಅಟ್ಟಕ್ಕೆ ಹಾಕಪ್ಪ. ನಿನ್ನ ಮೀನು ಚೆನ್ನಾಗಿರಲಿ” ಅಂದಳು. ಕೋಪ ಮಾಡಿಕೊಂಡು ಹೇಳಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅವಳು ಸಾರಿಗೆ ಉಪ್ಪು ಸರಿಯಾಗಿದೆ ಅನ್ನುವ ದನಿಯಲ್ಲಿ ಹೇಳಿದಳು. ಏಣಿ ಹಾಕಿ ಬಿಂದಿಗೆಯನ್ನು ಅಟ್ಟದ ಮೇಲೆ ಇಟ್ಟೆ. ನನ್ನ ಕಡೆ ನ್ಯಾಯ ಇದೆ ಅಂತಲೇ ಇಟ್ಟೆ.

ಆಮೇಲೆ ನಾನು ಬರೀ ಭಾನುವಾರಕ್ಕೆ ಕಾಯಲಿಲ್ಲ. ಅಮ್ಮ ಹಾಕಿದ ತಾಮ್ರವನ್ನು ತೊಳೆದು ತೆಗೆಯಬೇಕಲ್ಲ. ದಿನಾ ಕಾಲೇಜಿಗೆ ಹೋಗುವ ಮುಂಚೆ ಎರಡು ಬಕೆಟ್, ಬಂದ ಮೇಲೆ ಎರಡು ಬಕೆಟ್, ಅಡುಗೆಮನೆಯ ಫಿಲ್ಟರಿನಿಂದ ಹಿಡಿದು ಹಾಕಿದೆ. ಸುಮತಿಗೆ ಅನ್ನಕ್ಕೆ ಇಡಲು ನೀರಿಲ್ಲ, ನಲ್ಲಿಗೆ ಯಾವಾಗಲೂ ನನ್ನ ಬಕೆಟ್. ಅವಳು ಒಂದು ಮಾತೂ ಆಡಲಿಲ್ಲ, ಕೆಮಿಸ್ಟ್ರಿ ನಡೆಯುತ್ತಿತ್ತಲ್ಲ. ಆಶ್ಚರ್ಯ ಅಂದರೆ ನಾನು ತೊಳೆದಷ್ಟೂ ತೊಟ್ಟಿ ಕೆಡುತ್ತಾ ಬಂತು. ಮೂರನೆಯ ದಿನ ಮಡಿಯಮ್ಮ ಮಗ್ಗುಲಾಗಿ ಬಿದ್ದಳು. ನಾನು ಅಮ್ಜದ್‌ಗೆ ಫೋನ್ ಮಾಡಿದೆ. ಅವರೇ ಸ್ಕೂಟರಿನಲ್ಲಿ ಬಂದು, ತಮ್ಮ ಅಂಗಡಿಯ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅವಳನ್ನು ಹಾಕಿಕೊಂಡು, “ನಮ್ಮ ತೊಟ್ಟೀಲಿ ಇಟ್ಟು ನೋಡ್ತೀನಿ ಸಾರ್, ಗ್ಯಾರಂಟಿ ಇಲ್ಲ” ಅಂತ ಹೊರಟರು. ಅಮ್ಮ ಬಾಗಿಲ ತನಕ ಬಂದು ಆ ಚೀಲವನ್ನು ನೋಡಿದಳು. ನನ್ನ ಮುಖ ನೋಡಲಿಲ್ಲ.

ಅವತ್ತು ಊಟಕ್ಕೆ ಬಡಿಸುತ್ತಾ ಸುಮತಿ ಮೆಲ್ಲಗೆ ಅಂದಳು: “ಮೀನಿಗೆ ದಿನಾ ನಾಲ್ಕು ಬಕೆಟ್ ನೀರು ಹಾಕ್ತಿದೀರ. ಅಮ್ಮ ಮೂರು ದಿನದಿಂದ ಸರಿಯಾಗಿ ನೀರೇ ಕುಡೀತಿಲ್ಲ, ಗಮನಿಸಿದ್ರಾ? ಸ್ಟೀಲ್ ಲೋಟದಲ್ಲಿ ಕೊಟ್ರೆ ಒಂದು ಗುಟುಕು ಕುಡಿದು ಇಡ್ತಾರೆ.” ಕಲೆಸಿದ ಸಾರನ್ನವನ್ನು ತಟ್ಟೆಯ ಅಂಚಿಗೆ ಸರಿಸಿದೆ. ಆದರೂ ನೋಡಿ ನನ್ನ ಬುದ್ಧಿ, “ಹಟ ಮಾಡಿದ್ರೆ ನಾನೇನು ಮಾಡಲಿ” ಅಂದೆ.

ಶನಿವಾರ ಫಿಲ್ಟರಿನ ವಾರ್ಷಿಕ ಸರ್ವೀಸಿಗೆ ಕಿರಣ್ ಅಂತ ಒಬ್ಬರು ಬಂದರು. ಸುಮತಿ ಹಸಿರು ಅಂಗಿ ಬಿಚ್ಚಿಕೊಟ್ಟಳು. ನಾನು ಹಾಲಿನಲ್ಲಿ ಪೇಪರ್ ಹಿಡಿದು ಕೂತಿದ್ದೆ. ಅಮ್ಮ ಖಾಲಿ ಖಾಲಿಯಾದ ತೊಟ್ಟಿಯ ಎದುರು ಸ್ಟೂಲಿನ ಮೇಲೆ ಕೂತಿದ್ದಳು. ಒಳಗಿನಿಂದ ಕಿರಣ್ ಕೂಗಿ ಕೇಳಿದರು: “ಸಾರ್, ಕಾಪರ್ ಕ್ಯಾಟ್ರಿಜ್ ಪೂರ್ತಿ ಖಾಲಿಯಾಗ್ಹೋಗಿದೆ. ಹೊಸದು ಹಾಕ್ಲಾ?”

ನಾನು ಪೇಪರ್ ಮಡಿಸಿದೆ. “ಏನು ಖಾಲಿಯಾಗಿದೆ?”

“ಕಾಪರ್ ಸಾರ್, ತಾಮ್ರದ್ದು. ನೀರಿಗೆ ತಾಮ್ರ ಬಿಡೋದು. ಇನ್ನೂ ಬರಬೇಕಿತ್ತು ಇದು. ಮನೇಲಿ ಎಷ್ಟು ಜನ ಇದೀರಾ?”

“ಮೂರು.”

“ಮೂರೇ ಜನ ಇಷ್ಟು ತಾಮ್ರ ಕುಡಿದ್ರಾ? ಬಾಳ ಹೆಲ್ದಿ ಫ್ಯಾಮಿಲಿ ಸಾರ್ ನಿಮ್ದು.”

ಅಡುಗೆಮನೆಗೆ ಹೋದೆ. ಒಂದು ವರ್ಷದ ಮೇಲೆ ಅಂಗಿ ಕಳಚಿ ನಿಂತ ಆ ಮೆಷಿನ್ನಿನ ಎದೆಯ ಮೇಲೆ, ಅಡ್ಡಕ್ಕೆ, ಹೊಳೆಯುವ ತಾಮ್ರದ ಬಣ್ಣದ ಪಟ್ಟಿ. ಅದರ ಮೇಲೆ ಬೆರಳುದ್ದದ ಅಕ್ಷರದಲ್ಲಿ ‘ತಾಮ್ರಯುಕ್ತ ಶುದ್ಧ ನೀರು’. ಕೆಳಗೆ ಒಂದು ಬಿಂದಿಗೆಯ ಚಿತ್ರ ಬೇರೆ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತವನಿಗೂ ಕಾಣುವಂಥ ಅಕ್ಷರ. ನನ್ನ ಜೇಬಿನಲ್ಲಿದ್ದ ಮೀಟರು ಎಷ್ಟು ಕರಗಿದೆ ಅಂತ ಹೇಳುತ್ತಿತ್ತೇ ಹೊರತು ಏನು ಕರಗಿದೆ ಅಂತ ಹೇಳುತ್ತಿರಲಿಲ್ಲ. ಅದನ್ನು ಹೇಳುವುದು ಲೇಬಲ್ಲು.

ಸುಮತಿ ಒಲೆಯ ಪಕ್ಕ ಕೈಕಟ್ಟಿ ನಿಂತಿದ್ದಳು. “ಕೆಮಿಸ್ಟ್ರಿ ಮುಗೀತಾ?” ಅಂದಳು.

“ನಿನಗೆ ಗೊತ್ತಿತ್ತಾ?”

“ಹೇಳಕ್ಕೆ ಬಂದೆ, ಸುಮ್ಮನಿರು ಅಂದ್ರಿ, ಸುಮ್ಮನಾದೆ. ಆಮೇಲೆ ಅಷ್ಟು ಓದಿದೋರು, ಅದನ್ನೂ ಲೆಕ್ಕ ಹಾಕಿಯೇ ಬಕೆಟ್ ಹಿಡೀತಿದಾರೆ ಅಂದ್ಕೊಂಡೆ. ಅಲ್ರೀ, ಅಂಗಡೀಲಿ ನಾನು ಸಾದಾದು ಸಾಕು ಅಂದಾಗ ನೀವೇ ತಾನೆ ಹೇಳಿದ್ದು, ತಾಮ್ರದ್ದೇ ಇರಲಿ, ಅಮ್ಮ ಬಿಂದಿಗೆ ಹೊರೋದು ತಪ್ಪುತ್ತೆ, ನಲ್ಲಿ ತಿರುಗಿಸಿದ್ರೆ ಬಿಂದಿಗೆ ನೀರೇ ಬರುತ್ತೆ ಅಂತ?”

ಹೇಳಿದ್ದೆ. ಈಗ ಎಲ್ಲ ನೆನಪಾಯಿತು. ಅಮ್ಮನ ಸೊಂಟ ನೋವು ನೋಡಲಾರದೆ, ಅವಳಿಗೋಸ್ಕರವೇ ಅದನ್ನು ಕೊಂಡಿದ್ದೆ. ಅಮ್ಮ ಅದರ ನೀರನ್ನು ಒಂದು ದಿನ ರುಚಿ ನೋಡಿ, “ಇದು ತಾಮ್ರ ಅಲ್ಲ ಕಣೋ, ತಾಮ್ರದ ಸಿನಿಮಾ” ಅಂತ ಹೇಳಿ ವಾಪಸು ಬಿಂದಿಗೆಗೆ ಹೋಗಿದ್ದಳು. ಆಮೇಲೆ ಅಂಗಿ ಬಂತು, ಮುಖ ಮುಚ್ಚಿತು, ನಾನು ಮರೆತೆ. ಅವಳಿಗಾಗಿ ತಂದ ತಾಮ್ರವನ್ನು ನಾನು ಬಕೆಟ್‌ಗಟ್ಟಲೆ ಮೀನಿಗೆ ಹಾಕಿ, ಹನ್ನೆರಡು ಬಕೆಟ್ಟಿನ ತೊಟ್ಟಿಗೆ ಅವಳು ಕನಿಕರದಿಂದ ಹಾಕಿದ ಒಂದು ಚೊಂಬು ನೀರಿಗೆ ಅವಳನ್ನು ಅಪರಾಧಿ ಮಾಡಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಇಲ್ಲಿ ಜ್ವರ ತರಿಸಿದವನೂ ನಾನೇ, ಬರೆ ಹಾಕಿದವನೂ ನಾನೇ. ಒಂದು ಚೊಂಬನ್ನು ಹನ್ನೆರಡು ಬಕೆಟ್ಟಿನಿಂದ ಭಾಗಿಸುವ ಲೆಕ್ಕ ನನ್ನ ಹುಡುಗರು ಬಾಯಲ್ಲೇ ಮಾಡುತ್ತಾರೆ.

ಏಣಿ ಹಾಕಿ ಬಿಂದಿಗೆ ಇಳಿಸಿದೆ. ಒಂದೇ ವಾರಕ್ಕೆ ಕಪ್ಪಿಟ್ಟಿತ್ತು. ಹಿತ್ತಲ ನಲ್ಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಹುಣಸೆಹಣ್ಣು ಹಾಕಿ ತಿಕ್ಕಿದೆ. ಅಮ್ಮ ಹಿಂದೆ ಬಂದು ನಿಂತದ್ದು ನೆರಳಿನಿಂದ ಗೊತ್ತಾಯಿತು. ತಿರುಗದೆ ಹೇಳಿದೆ. “ಅಮ್ಮ, ನಿನ್ನ ಬಿಂದಿಗೆಯಿಂದ ಅಲ್ಲ. ತಪ್ಪು ನಂದೇ.”

“ಕಂಠದ ಹತ್ತಿರ ಸರಿಯಾಗಿ ತಿಕ್ಕು” ಅಂದಳು. ಆಮೇಲೆ ಕೇಳಿದಳು: “ಮೀನಿಗೆ ಯಾವ ನೀರು ಆಗುತ್ತೆ ಅಂತ ಊರೆಲ್ಲ ಅಲೆದು ಒಂದೊಂದು ನೀರನ್ನೂ ಪರೀಕ್ಷೆ ಮಾಡಿದೆ. ನನ್ನನ್ನ ಒಂದು ಮಾತು ಕೇಳಿದ್ಯೇನೋ, ಅಮ್ಮ ನೀನು ಯಾಕೆ ಕುಡೀತಿಲ್ಲ ಅಂತ?”

ನಾನು ಹುಣಸೆಹಣ್ಣು ಕಣ್ಣಿಗೆ ಹೋದವನ ಹಾಗೆ ಮುಖ ತೊಳೆದುಕೊಂಡೆ. ಅವಳಿಗೆ ಅರ್ಥವಾಗಿರಬೇಕು. “ನಿಮ್ಮಪ್ಪ ಹೇಳ್ತಿದ್ದದ್ದು ಸುಳ್ಳಲ್ಲ. ಶುದ್ಧ ಪೆದ್ದ ಕಣೋ ನೀನು” ಅಂದಳು. ಇಷ್ಟು ದಿನ ಊರೆಲ್ಲ ಅಲೆದವನಿಗೆ ಆ ಪದ ಕೊನೆಗೂ ಸರಿಯಾದ ಜಾಗದಲ್ಲಿ ಕೇಳಿತು. ಬಿಂದಿಗೆ ತುಂಬಿ ದೇವರಮನೆಯ ಬಾಗಿಲಿಗೆ ನಾನೇ ಹೊತ್ತು ತಂದೆ. ನನ್ನ ಕೈಯಿಂದ ಮಡಿ ಕೆಟ್ಟಿತು ಅಂತ ಅವಳು ಅನ್ನಲಿಲ್ಲ. ಒಂದು ಲೋಟ ಬಗ್ಗಿಸಿಕೊಂಡು ನಿಂತಲ್ಲೇ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, “ಮಡಿಯಮ್ಮ ಹೇಗಿದಾಳಂತೆ, ಫೋನ್ ಮಾಡಿ ಕೇಳು” ಅಂದಳು. ಒಳಗೆ ಸುಮತಿಯ ಕೈಯಿಂದ ಏನೋ ಪಾತ್ರೆ ಬಿದ್ದ ಸದ್ದಾಯಿತು. ಗುಟ್ಟಿನ ಹೆಸರು ಅಷ್ಟೇನೂ ಗುಟ್ಟಾಗಿರಲಿಲ್ಲ.

ಮಡಿಯಮ್ಮ ಬದುಕಿದಳು. ಅಮ್ಜದ್ ಅವರ ತೊಟ್ಟಿಯಲ್ಲಿ ಎರಡು ವಾರ ಇದ್ದು, ಅಲ್ಲಿನ ಮೀನುಗಳನ್ನೆಲ್ಲ ಶುಚಿ ಮಾಡಿ ಮನೆಗೆ ಬಂದಳು. ಹವಳದಲ್ಲಿ ಒಂದು ಉಳಿಯಿತು. ಈಗ ನೀರಿಗೆ ಹಿತ್ತಲಲ್ಲಿ ಬೇರೆಯೇ ಒಂದು ಮೆಷಿನ್ ಇದೆ, ಅದು ಎಲ್ಲವನ್ನೂ ತೆಗೆಯುತ್ತೆ, ಏನನ್ನೂ ಹಾಕುವುದಿಲ್ಲ. ಅದಕ್ಕೆ ಅಂಗಿ ಹೊಲಿಯಕೂಡದು ಅಂತ ನಾನು ಸುಮತಿಯನ್ನು ಬೇಡಿಕೊಂಡೆ. ಅವಳು ಒಪ್ಪಿದಳು, ಆದರೆ ಮಾರನೇ ದಿನ ಅದರ ಮೇಲೆ ಒಂದು ಹಾಳೆ ಅಂಟಿಸಿದ್ದಳು. ಕೆಂಪು ಇಂಕು, ದುಂಡು ಅಕ್ಷರ: ‘ಲೇಬಲ್ ಓದದೆ ಯಾವ ನೀರನ್ನೂ ಮುಟ್ಟತಕ್ಕದ್ದಲ್ಲ.’ ಕೆಳಗೆ ಎರಡು ಗೆರೆ. ಒಂದರ ಮುಂದೆ ‘ಸಹಿ’, ಇನ್ನೊಂದರ ಮುಂದೆ ‘ಸಾಕ್ಷಿ’.

ತಪ್ಪಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಎಡಗೈಯಲ್ಲಿ ಬಕೆಟ್ ಹಿಡಿದುಕೊಂಡು, ಅದರಲ್ಲಿ ಏನು ಬರೆದಿದೆ ಅಂತ ಪೂರ್ತಿ ನೋಡದೆ, ಹಾಜರಿ ಪುಸ್ತಕಕ್ಕೆ ಹಾಕುವ ಹಾಗೆ ಗೀಚಿದೆ. ಆಮೇಲೆ ಸುಮತಿ ಪೆನ್ನನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಸಹಿ ಹಾಕಲಿಲ್ಲ. ಒಳಗಿಂದ ಕನ್ನಡಕ ತರಿಸಿಕೊಂಡಳು, ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು, ಹಾಳೆಯನ್ನು ಮೇಲಿನಿಂದ ಕೆಳಗಿನ ತನಕ ಬೆರಳಿಟ್ಟು ಓದಿದಳು. ಅದು ಮುಗಿದ ಮೇಲೆ ಬಗ್ಗಿ, ಮೆಷಿನ್ನಿನ ಮೇಲೆ ಕಂಪನಿಯವರು ಬರೆದದ್ದನ್ನೂ ಅಷ್ಟೇ ನಿಧಾನವಾಗಿ ಓದಿದಳು. ಆಮೇಲೆ ‘ಪದ್ಮಾವತಿ’ ಅಂತ, ಬಿಂದಿಗೆಯ ಮೇಲಿರುವ ಹಾಗೇ, ಸಾಕ್ಷಿ ಹಾಕಿದಳು.